ಕಾಂಬ ಎಂದವನ ಸೈಕಲ್

“ಹ್ವಾಯ್! ರಸ್ತಿ ಎಂತ ನಿಮ್ ಮನಿ ಚಾವಡಿಯಾ? ಸೈಡ್ ಕೊಡಿ!”

ಪೂಜಿತಾ ಸ್ಕೂಟಿಯ ಹಾರ್ನ್ ಒತ್ತಿದ್ದು ಅದು ಆರನೆಯ ಸಲ. ಎದುರಿಗಿದ್ದ ಸೈಕಲಿನವನು ತಿರುಗಿಯೂ ನೋಡಲಿಲ್ಲ.

ಅದೆಂಥ ಸೈಕಲ್ಲೋ! ಎಮ್ಮೆಯ ಕೊಂಬಿನಂತೆ ಹಿಂದಕ್ಕೆ ಬಾಗಿದ ಅಗಲದ ಹ್ಯಾಂಡಲ್, ದಪ್ಪ ಟಯರು, ಮಣೆಯಷ್ಟು ದೊಡ್ಡ ಸೀಟು. ಆರಾಮ ಕುರ್ಚಿಯಲ್ಲಿ ಕೂತವನ ಹಾಗೆ ಬೆನ್ನು ನೆಟ್ಟಗಿಟ್ಟುಕೊಂಡು ಅವನು ಹೋಗುತ್ತಿದ್ದ. ಕುಂದಾಪುರದ ಆ ರಸ್ತೆಯ ಅರ್ಧವನ್ನು ಚರಂಡಿಗೆಂದು ಅಗೆದು ಹಾಕಿದ್ದರು. ಉಳಿದರ್ಧದ ನಟ್ಟನಡುವೆ ಇವನು!

ಎಂಟು ಗಂಟೆಗೆ ಲ್ಯಾಬ್ ತೆರೆಯಬೇಕು. ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದವರು ಬಾಗಿಲಲ್ಲಿ ನಿಂತಿರುತ್ತಾರೆ. ಸಿಟ್ಟಿನಿಂದ ಅವಳು ಆಕ್ಸಿಲರೇಟರ್ ತಿರುವಿದಳು... ಸ್ಕೂಟಿ ಕೆಮ್ಮಿತು, ನಡುಗಿತು, ನಿಂತೇಬಿಟ್ಟಿತು.

ಈಗ ಅವನು ತಿರುಗಿದ.

“ನಿಮ್ ಗಾಡಿಗೆ ಸುಸ್ತಾಯ್ತ್ ಕಾಣಿ,” ಎಂದ. “ಅರ್ಜೆಂಟಿದ್ರೆ ಇದನ್ ತಕಂಡ್ ಹೋಗಿ. ಸ್ಕೂಟಿ ನಾ ದೂಡ್ಕಂಡ್ ಬತ್ತೆ. ಅಲ್ ಕಾಣತ್ತಲ್ದಾ, ಅದೇ ನಮ್ ಸೈಕಲ್ ಅಂಗಡಿ.”

ಬೇರೆ ದಾರಿಯಿರಲಿಲ್ಲ. ಪೂಜಿತಾ ಹತ್ತಿ ತುಳಿದಳು. ಸೈಕಲ್ ತೇಲಿದ ಹಾಗೆ ಹೋಯಿತು. ಇಳಿಜಾರು ಬಂತು. ಅವಳ ಬೆರಳುಗಳು ಹ್ಯಾಂಡಲಿನ ಕೆಳಗೆ ಹುಡುಕಿದವು... ಏನೂ ಇಲ್ಲ!

“ಬ್ರೇಕ್ ಎಲ್ಲಿತ್ತ್? ಹ್ವಾಯ್! ಇದಕ್ ಬ್ರೇಕೇ ಇಲ್ಲೆ!”

“ಹಿಂದಕ್ ತುಳೀರಿ! ಪೆಡಲ್ ಹಿಂದಕ್ ತುಳೀರಿ!” ಅವನು ಓಡೋಡಿ ಬರುತ್ತಿದ್ದ.

ಅವನು ಬರುವಷ್ಟರಲ್ಲಿ ಸೈಕಲ್ ತಾನೇ ನಿಂತಿತ್ತು. ರಸ್ತೆ ಬದಿಯಲ್ಲಿ ಮೀನು ಮಾರುವ ಗುಲಾಬಿಯ ಬುಟ್ಟಿಗೆ ಮುಗ್ಗರಿಸಿ! ಬಂಗುಡೆಗಳ ನಡುವೆ ಪೂಜಿತಾ ಕೂತಿದ್ದಳು. ಚೂಡಿದಾರದ ವೇಲ್ ಹಿಂದಿನ ಚಕ್ರಕ್ಕೆ ಸಿಕ್ಕಿ ಹರಿದಿತ್ತು.

“ಬಂಗ್ಡಿಯ ನೆತ್ತರ್ ಪರೀಕ್ಷೆ ಮಾಡೂಕ್ ಬಂದದ್ದಾ ಹೆಣೆ?” ಎಂದಳು ಗುಲಾಬಿ. ಬಾಯಲ್ಲಿ ಹಾಗೆಂದರೂ ಮೀನು ಹೆಕ್ಕುವುದನ್ನು ಬಿಟ್ಟು, ಕುಡಿಯಲು ತಂದಿದ್ದ ನೀರನ್ನೇ ಹುಡುಗಿಯ ತರಚಿದ ಮೊಣಕೈಗೆ ಹಾಕಿ ತೊಳೆದಳು.

“ಹೇಳ್ದೆ ಕೇಳ್ದೆ ಇಂಥ ಸೈಕಲ್ ಕೊಡೂಕ್ ನಾಚ್ಕಿ ಆತಿಲ್ಯಾ ನಿಮ್ಗೆ?” ಪೂಜಿತಾಳಿಗೆ ಅಳುವೇ ಬಂತು.

“ಹೇಳೂಕೆ ಬಿಟ್ರಾ ನೀವ್? ಹತ್ತಿದ್ದೇ ಓಡಿದ್ದಲ್ದಾ!”

ಇನ್ನು ಈ ಮನುಷ್ಯನ ಮುಖ ನೋಡುವುದಿಲ್ಲ ಎಂದುಕೊಂಡಳು. ಆದರೆ ಸ್ಕೂಟಿ ಅವನ ಅಂಗಡಿಯಲ್ಲಿತ್ತಲ್ಲ!

ಸಂಜೆ ಹೋದಾಗ ಸ್ಕೂಟಿ ಇನ್ನೂ ಬಿಚ್ಚಿಕೊಂಡೇ ಬಿದ್ದಿತ್ತು. ಪಕ್ಕದಲ್ಲಿ ಅದೇ ಸೈಕಲ್. ಅದರ ಹಿಂದಿನ ಚಕ್ರಕ್ಕೆ ಎರಡೂ ಬದಿಯಿಂದ ಹಸಿರು ದಾರದ ಬಲೆ! ಮೀನಿನ ಬಲೆ ನೇಯುವ ದಾರ. ಒಂದೊಂದು ಕಣ್ಣೂ ಅಳೆದಂತಿತ್ತು.

“ಇನ್ ವೇಲ್ ಸಿಕ್ಕತಿಲ್ಲೆ,” ಎಂದ ಅಂಗಡಿಯವನು, ಅವಳ ಮುಖ ನೋಡದೆ. ಹೆಸರು ಯತೀಶ. “ಸೀಟೂ ಇಳ್ಸಿದ್ದೆ. ಕಾಲ್ ನೆಲಕ್ಕೆ ತಾಗತ್ತ್.”

ಮೀನುಗಾರರ ಮನೆಯಲ್ಲಿ ಹುಟ್ಟಿ, ಮುಂಬೈಯಲ್ಲಿ ಹತ್ತು ವರ್ಷ ದುಡಿದು, ಇಂಥ ಮೂರು ಸೈಕಲ್‌ಗಳೊಂದಿಗೆ ಊರಿಗೆ ಮರಳಿದವನು ಅವನು. ಜನ ‘ಎಮ್ಮೆ ಸೈಕಲ್’ ಎಂದು ನಗುತ್ತಿದ್ದರು. ಒಂದೂ ಮಾರಾಟವಾಗಿರಲಿಲ್ಲ.

ಸ್ಕೂಟಿ ರಿಪೇರಿಯಾಗಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಪೂಜಿತಾ ಸೈಕಲಿನಲ್ಲೇ ಓಡಾಡಿದಳು... ಆಮೇಲೂ ಬಿಡಲಿಲ್ಲ!

ಬೆನ್ನು ಬಗ್ಗಿಸಬೇಕಿಲ್ಲ, ಮೈ ಬಿಗಿಯಬೇಕಿಲ್ಲ. ಕೂತರೆ ಬೇರೆಯವರ ಕಂಪೌಂಡಿನಾಚೆಯ ಅಬ್ಬಲಿಗೆ ಹೂವಿನ ಗಿಡವೂ ಕಾಣುತ್ತದೆ. ಇಷ್ಟು ವರ್ಷ ಹಾರ್ನ್ ಒತ್ತುತ್ತ ದಾಟಿದ ಊರಿನಲ್ಲಿ ಈಗ ಜನ ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಕೆಲವು ಸಂಜೆ ಯತೀಶನೂ ಇನ್ನೊಂದು ಸೈಕಲಿನಲ್ಲಿ ಬಸ್ರೂರಿನ ದಾರಿಯವರೆಗೆ ಜೊತೆಗೆ ಬರುತ್ತಿದ್ದ. ಏರು ಬಂದರೆ ಇಬ್ಬರೂ ಇಳಿದು ದೂಡುವುದು. ಆ ಏರು ಮುಗಿಯದಿರಲಿ ಎಂದು ಅವಳಿಗೆ ಅನಿಸುತ್ತಿತ್ತು.

ಆದರೆ ಅವನು ಬಾಯಿ ಬಿಟ್ಟು ಏನನ್ನಾದರೂ ಹೇಳಿದರಲ್ಲವೇ! ಮೂರು ತಿಂಗಳು ಬರೀ ಟ್ಯೂಬು, ಸ್ಪೋಕು, ಚೈನಿನ ಎಣ್ಣೆಯ ಮಾತು.

ಅಷ್ಟರಲ್ಲಿ ಅವಳ ತಂದೆ ಭೋಜರಾಜರು ಸಂಬಂಧ ನೋಡಿದರು. ಹಾಲಾಡಿಯ ಕಡೆಯ ಹುಡುಗ, ಪುಣೆಯಲ್ಲಿ ಹೋಟೆಲು. ಭಾನುವಾರ ಹೆಣ್ಣು ನೋಡಲು ಬರುತ್ತಾರೆ. ಒಪ್ಪಿಗೆಯಾದರೆ ಅಂದೇ ಮಾತು ಮುಗಿಸುವುದು.

ಶನಿವಾರ ಬೆಳಿಗ್ಗೆ ಪೂಜಿತಾ ಅಂಗಡಿಗೆ ಬಂದಳು. ಯತೀಶ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ.

“ನಾಳೆ ನನ್ ಕಾಂಬೂಕ್ ಹಾಲಾಡಿಯವ್ರ್ ಬತ್ರ್. ಅದ್ರ ಮೊದ್ಲ್ ನಿಮ್ಮತ್ರ ಒಂದ್ ಮಾತಾಡ್ಕ್. ಇವತ್ತ್ ಸಂಜಿ ಐದಕ್ಕೆ ಕೋಡಿ ಸಮುದ್ರದತ್ರ ಬತ್ರ್ಯಾ?”

ಅವನ ಕೈ ನೀರಿನಲ್ಲೇ ನಿಂತಿತು. ತಲೆ ಎತ್ತಲಿಲ್ಲ.

“ಕಾಂಬ,” ಎಂದ.

ಅಷ್ಟೇ!

ಕಾಂಬ... ನೋಡೋಣ! ಆ ಮಾತು ಅವಳಿಗೆ ಹೊಸದಲ್ಲ. ಎಂ.ಎಸ್ಸಿ. ಓದುತ್ತೇನೆ ಎಂದಾಗ ಅಪ್ಪಯ್ಯ ಹೇಳಿದ್ದು “ಕಾಂಬ”. ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ ಎಂದಾಗಲೂ “ಕಾಂಬ”. ಒಂದೂ ಆಗಲಿಲ್ಲ. ಅವಳ ಮನೆಯಲ್ಲಿ ಕಾಂಬ ಎಂದರೆ ಸದ್ದಾಗದಂತೆ ಹಾಕಿದ ಬಾಗಿಲು.

‘ಇಲ್ಲ ಅಂತ ನೇರ ಹೇಳಲೂ ಧೈರ್ಯವಿಲ್ಲ ಇವನಿಗೆ!’

ಆ ಸಂಜೆ ಅವಳು ಕೋಡಿಗೆ ಹೋಗಲಿಲ್ಲ. ಐದಾಯಿತು, ಆರಾಯಿತು. ನಾಳೆಯ ಸೀರೆಗೆ ಇಸ್ತ್ರಿ ಹಾಕುತ್ತ ಕೂತಳು. ಒಂದೇ ಮಡಿಕೆಯ ಮೇಲೆ ಎಷ್ಟು ಸಲ ಇಸ್ತ್ರಿ ಓಡಿತೋ ಅವಳಿಗೇ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಸೈಕಲ್ ಹಿಂದಿರುಗಿಸಲು ಹೊರಟಳು. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು.

“ತಕಣಿ ನಿಮ್ ಸೈಕಲ್.”

“ಅಲ್ ಇಡಿ,” ಎಂದ ಯತೀಶ. ಅಷ್ಟು ಒಣಗಿದ ಧ್ವನಿ ಅವಳು ಎಂದೂ ಕೇಳಿರಲಿಲ್ಲ. “ಪುಣೆಯಗೆ ಕಾರಿರತ್ತ್ ನಿಮ್ಗೆ.”

ಅವಳ ಕಣ್ಣು ತುಂಬಿತು. ತಿರುಗಿ ಹೊರಟವಳ ಕೈಯನ್ನು ಗುಲಾಬಿ ಹಿಡಿದು ನಿಲ್ಲಿಸಿದಳು. ಅಂಗಡಿಯೆದುರೇ ಬುಟ್ಟಿಯ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಏ ಹೆಣೆ, ಅಳೂದ್ ಅಳ್, ಒಂದ್ ಕೇಂಡ್ಕಂಡ್ ಅಳ್. ನಿನ್ನೆ ಈ ಗಂಡ್ ಕೋಡಿಯಲ್ಲ್ ಕತ್ಲ್ ಆಪಲ್ಲಿವರಿಗೆ ನಿಂತ್ಕಂಡಿದ್ದ. ಇಸ್ತ್ರಿ ಅಂಗಿ ಬೇರೆ! ಯಾರನ್ ಕಾಯ್ತಿದ್ದೆ ಮಗಾ ಅಂದ್ರೆ ಬಾಯಿಲ್ಲೆ.”

ಪೂಜಿತಾ ಅಲ್ಲೇ ನಿಂತಳು. ನಂತರ ಸರಕ್ಕನೆ ಅಂಗಡಿಯೊಳಗೆ ಹೋದಳು.

“ನೀವ್ ಬಂದಿದ್ರ್ಯಾ?”

“ಕಾಂಬ ಅಂದಿದ್ದೆ ಅಲ್ದಾ!” ಅವನ ಸಿಟ್ಟು ಈಗ ಒಡೆಯಿತು. “ಕರ್ದದ್ದ್ ನೀವೇ. ಬರ್ದೇ ಇದ್ದದ್ದೂ ನೀವೇ!”

“ಕಾಂಬ ಅಂದ್ರೆ ಬತ್ತಿಲ್ಲೆ ಅಂತ ಅಲ್ದಾ?”

“ಎಂತ? ನಮ್ ಕಡಿಯಗೆ ದೋಣಿಯವ್ರ್ ಕಾಂಬ ಅಂತ ಹೋದ್ರೆ, ಹೇಳಿದ್ ಹೊತ್ತಿಗೆ ದಡದಲ್ಲ್ ಸಿಕ್ಕೇ ಸಿಕ್ತ್ರ್! ಭೇಟಿ ಆಪ ಅಂತ ಅರ್ಥ!”

“ನಮ್ ಮನಿಯಗೆ ಹಾಂಗಲ್ಲ...” ಎಂದಳು ಪೂಜಿತಾ. “ಅಪ್ಪಯ್ಯ ಕಾಂಬ ಅಂದದ್ದ್ ಒಂದೂ ಆಯಿಲ್ಲೆ. ನೀವೂ ಹಾಂಗೇ ಅಂತ...”

ಯತೀಶ ತಲೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟ.

“ಒಂದ್ ಮಾತ್ ಜಾಸ್ತಿ ಆಡಿದ್ರೆ ನಿಮ್ ಗಂಟ್ ಎಂತ ಹೋತಿತ್ತ್?” ಅವಳು ಅಳುತ್ತಲೇ ಗದರಿದಳು. “ಮೂರ್ ತಿಂಗ್ಳ್! ಬರೀ ಸ್ಪೋಕ್, ಬರೀ ಎಣ್ಣೆ!”

“ಹೆದ್ರಿಕಿ. ನೀವ್ ಓದಿದವ್ರ್. ನಾ ಹತ್ತನೆ ಫೇಲ್.” ಅವನು ಕೊನೆಗೂ ತಲೆ ಎತ್ತಿದ. “ಇವತ್ತ್ ಹೇಳ್ತೆ. ನಂಗೆ ನೀವ್ ಬೇಕ್. ಪುಣೆಗೆ ಹೋಪುದ್ ಬೇಡ.”

ಪೂಜಿತಾ ಕಣ್ಣೊರೆಸಿಕೊಂಡು ಮೊಬೈಲ್ ತೆಗೆದಳು.

“ಅಪ್ಪಯ್ಯ, ಹಾಲಾಡಿಯವ್ರ್ ಹೊರ್ಡೂಕ್ ಮೊದ್ಲ್ ಬಪ್ಪುದ್ ಬೇಡ ಅಂತ ಹೇಳಿ. ನಂಗೆ ಬೇರೆಯವ್ರ್ ಮನ್ಸಿಗೆ ಬಂದಿದ್ರ್.”

ಆ ಕಡೆ ಟಿವಿಯ ಸದ್ದು ನಿಂತಿತು.

“ಯಾರ್? ಆ ಎಮ್ಮೆ ಸೈಕಲಿನವನಾ?”

“ಹೌದ್ ಅಪ್ಪಯ್ಯ.”



“ಊರಿಡೀ ಹೇಳ್ತಿದ್ದಿತ್ತ್. ನೀ ಹೇಳ್ಲಿ ಅಂತ ನಾ ಸುಮ್ಮನಿದ್ದೆ.” ಭೋಜರಾಜರ ಧ್ವನಿಯಲ್ಲಿ ಬೇಸರವಿತ್ತು. ಆದರೆ ಬಾಗಿಲು ಹಾಕುವ ದನಿಯಲ್ಲ ಅದು. “ಅವ್ರಿಗೆ ನಾ ಫೋನ್ ಮಾಡ್ತೆ. ಅವನನ್ ಮಧ್ಯಾಹ್ನ ಊಟಕ್ಕೆ ಕರ್ಕಂಡ್ ಬಾ.”

ಅವಳು ಫೋನ್ ಇಟ್ಟಳು. ಯತೀಶ ಎದ್ದು ಸ್ಟೂಲನ್ನು ಅವಳ ಕಡೆ ಸರಿಸಿದ.

“ಎಂತ ಅಂದ್ರ್? ಬೇಗ ಹೇಳ್ ಮರಾಯ್ತಿ! ಜೀವ ಹೋತಾ ಇತ್ತ್!”

ಅಂದವನೇ ನಾಲಿಗೆ ಕಚ್ಚಿಕೊಂಡ. ಇಷ್ಟು ದಿನ ‘ನೀವು’ ಎಂಬುದನ್ನು ಒಮ್ಮೆಯೂ ದಾಟದವನು ಈಗ ಸಲಿಗೆಯಿಂದ ಕರೆದುಬಿಟ್ಟಿದ್ದ!

“ತಪ್ಪಾಯ್ತ್... ಬಾಯ್ ತಪ್ಪಿ...”

ಪೂಜಿತಾ ಅಳುನಗುವಿನಲ್ಲಿ ಅವನ ಎಣ್ಣೆಗೈಯನ್ನು ಹಿಡಿದುಕೊಂಡಳು.

“ಊಟಕ್ಕೆ ಕರ್ದಿದ್ರ್,” ಎಂದಳು. “ಈಗ ಕರ್ದದ್ದ್ ಇನ್ನೊಂದ್ ಸಲ ಹೇಳ್.”

“ಎಂತ ಕರ್ದದ್ದ್?”

“ಮರಾಯ್ತಿ ಅಂತ...”