ಎಡಗಡೆಯ ಬಾಗಿಲು

ಪಿಕಪ್‌ಗೆ ಐದು ಸಾವಿರದ ನೂರು ರಿಯಾಲ್. ಜಪಾನಿನಿಂದ ಸೊಹಾರ್ ಬಂದರಿಗೆ ಹಡಗಿನ ಬಾಡಿಗೆ ಮುನ್ನೂರ ಎಂಬತ್ತು. ಸುಂಕ, ತೆರಿಗೆ ಎಂದು ಇನ್ನೊಂದು ಐನೂರ ಅರವತ್ತು ಕಟ್ಟಿದರೆ ಗಾಡಿ ಹೊರಗೆ. ಮರಳಿಗೆ ಇಳಿಯುವ ಅಂಥ ಫೋರ್‌ವೀಲ್ ಗಾಡಿಗೆ ಮರುಭೂಮಿಯ ಅಂಚಿನ ಇಬ್ರಿಯಲ್ಲಿ ಏಳು ಸಾವಿರ ಕೊಡುವವರಿದ್ದರು. ಗುರುವನ ಈ ಲೆಕ್ಕ ದಮಯಂತಿಗೆ ಬಾಯಿಪಾಠವಾಗಿತ್ತು. ಹನ್ನೊಂದು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ಮೈಗೆ ಗ್ರೀಸು ಮೆತ್ತಿಕೊಂಡು ಕೂಡಿಟ್ಟ ದುಡ್ಡು ಅದು. ಅವನ ಮೊದಲ ಸ್ವಂತ ವ್ಯಾಪಾರ.

ಆ ಗಾಡಿಯನ್ನು ಆರಿಸಿದ್ದು ಅವಳು.

ದಮಯಂತಿ ಈ ಅರಬ್ ನಾಡಿಗೆ, ಬಂದರಿನಿಂದ ಸರಕು ಬಿಡಿಸಿಕೊಡುವ ಅಲ್ ಖುವೈರ್‌ನ ಕ್ಲಿಯರಿಂಗ್ ಆಫೀಸಿಗೆ ಬಂದು ಆಗ ಎರಡು ತಿಂಗಳಾಗಿತ್ತಷ್ಟೆ. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಸುರತ್ಕಲ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿದ್ದಳು. ತುಕ್ಕಿನ ಮೇಲೆ ಪೇಂಟ್ ಬಳಿದಿದ್ದರೆ ಫೋಟೋದಲ್ಲೇ ಕಂಡುಹಿಡಿಯುವಳು. ಅಭ್ಯಾಸವಾಗದ್ದು ಒಂದೇ: ಸ್ಟಿಯರಿಂಗ್ ಎಡಗಡೆ ಇರುವ ಇಲ್ಲಿ ಯಾವ ಕಡೆಯಿಂದ ಗಾಡಿ ಹತ್ತಬೇಕು ಎಂಬುದು. ಗಾಡಿ ತರಿಸುವ ಕೆಲಸಕ್ಕೆ ಆಫೀಸಿಗೆ ಬರುತ್ತಿದ್ದ ಗುರುವನ ಹಳೇ ಪಿಕಪ್ ಹತ್ತುವಾಗ ಮೊದಲ ದಿನವೇ ಊರಿನಲ್ಲಿ ಮಾಡಿದ ಹಾಗೆ ಎಡಬಾಗಿಲು ತೆಗೆದು, ಸ್ಟಿಯರಿಂಗ್ ಮುಂದೆ ಗಂಭೀರವಾಗಿ ಕುಳಿತುಬಿಟ್ಟಿದ್ದಳು.

"ಗಾಡಿ ನೀವೇ ಬಿಡ್ತೀರಾ ಮೇಡಂ? ಹಾಗಾದ್ರೆ ನಾನು ಒಂದು ನಿದ್ದೆ ತೆಗೀತೇನೆ," ಎಂದಿದ್ದ ಗುರುವ, ಕೀ ನೀಡುತ್ತ ಹುಬ್ಬು ಹಾರಿಸಿ.

ಮುಂದೆಯೂ ಅದೇ ತಪ್ಪು, ಅದೇ ಹುಬ್ಬು. ಆ ಹುಬ್ಬಿಗೋಸ್ಕರ ಒಂದೆರಡು ಸಲ ಅವಳು ಬೇಕೆಂದೇ ತಪ್ಪಿದ್ದೂ ಉಂಟು.

ಜಪಾನಿನ ಏಜೆಂಟ್ ಒಂದೇ ಮಾಡೆಲಿನ ಎರಡು ಗಾಡಿಗಳ ಫೋಟೋ ಆಫೀಸಿಗೆ ಕಳಿಸಿದ ದಿನ ಗುರುವ ಮೂರು ಗಂಟೆ ದಾರಿಯಾಚೆಯ ಇಬ್ರಿಯಲ್ಲಿ ಒಂದು ಲಾರಿಯ ಕೆಳಗೆ ಮಲಗಿದ್ದ. ಫೋನಿನಲ್ಲೇ ಹೇಳಿದ: "ನನ್ನ ಕೈಯೆಲ್ಲ ಎಣ್ಣೆ ಮಾರಾಯ್ರೆ. ನೀವೇ ನೋಡಿ ಹೇಳಿ. ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆ ಉಂಟು."

ಅವಳು ಒಂದು ಗಂಟೆ ಕೂತು ನೋಡಿದಳು. ಮೊದಲನೆಯದರ ಚಾಸಿಯಲ್ಲಿ ತುಕ್ಕು. ಎರಡನೆಯದು ಅಚ್ಚುಕಟ್ಟು. "ಎರಡನೇದು," ಎಂದಳು. ಅವನು ದುಡ್ಡು ಕಳಿಸಿದ.

ಗಾಡಿ ಬಂದಿಳಿದ ದಿನ ಕಾಗದಪತ್ರ ಹಿಡಿದು ಇಬ್ಬರೂ ಸೊಹಾರ್‌ಗೆ ಹೋದರು. ಬಂದರಿನ ಯಾರ್ಡಿನಲ್ಲಿ ಬಿಳಿ ಪಿಕಪ್ ಫಳಫಳ ಹೊಳೆಯುತ್ತಿತ್ತು. ಇಲ್ಲಿನ ಡ್ರೈವರನ ರೂಢಿಯಂತೆ ಗುರುವ ಎಡಬಾಗಿಲಿಗೆ ಕೈ ಹಾಕಿದ. ಊರಿನ ರೂಢಿಯಂತೆ ದಮಯಂತಿಯೂ ಅದೇ ಬಾಗಿಲಿಗೆ ಕೈ ಹಾಕಿದಳು. ಬಿಸಿಲಿಗೆ ಕಾದ ಹಿಡಿಯ ಮೇಲೆ ಅವನ ಕೈ, ಅದರ ಮೇಲೆ ಅವಳದು. ಒಂದು ಕ್ಷಣ ಇಬ್ಬರೂ ಕೈ ತೆಗೆಯಲಿಲ್ಲ.

"ಮತ್ತೆ ತಪ್ಪು ಬಾಗಿಲಾ?" ಎಂದು ನಗುತ್ತ ಅವನು ಒಳಗೆ ಇಣುಕಿದ. ನಗು ನಿಂತಿತು.

ಎಡಗಡೆ ಸ್ಟಿಯರಿಂಗ್ ಇರಲಿಲ್ಲ. ಅದು ಬಲಗಡೆ ಇತ್ತು, ಮಂಗಳೂರಿನ ಗಾಡಿಗಳ ಹಾಗೆ. ಹುಟ್ಟಿದಾಗಿನಿಂದ ಅಲ್ಲೇ ನೋಡಿದ ಕಣ್ಣಿಗೆ ಫೋಟೋದಲ್ಲಿ ತಪ್ಪೇನೂ ಕಂಡಿರಲಿಲ್ಲ.

"ಬಲಗಡೆ ಸ್ಟಿಯರಿಂಗಿನ ಗಾಡಿಗೆ ಇಲ್ಲಿ ರಿಜಿಸ್ಟ್ರೇಶನ್ ನಂಬರ್ ಸಿಗುದಿಲ್ಲ," ಎಂದ ಗುರುವ, ಬಹಳ ಮೆತ್ತಗೆ.

ಅಷ್ಟರಲ್ಲಿ ಗಾಡಿ ಹೇಗುಂಟು ಎಂದು ಕೇಳಲು ದಮಯಂತಿಯ ಆಫೀಸಿನ ಮ್ಯಾನೇಜರ್ ಪೀಟರ್ ಅವನಿಗೆ ಫೋನ್ ಮಾಡಿದ; ಗುರುವ ವಿಷಯ ಹೇಳಿದ. "ಯಾರು ಓಕೆ ಮಾಡಿದ್ದು? ದಮಯಂತಿಯಾ? ಹಾಗಾದ್ರೆ ಅವಳು ನಾಳೆಯಿಂದ ಬರುದು ಬೇಡ."

"ಇಲ್ಲ ಸರ್. ಆರಿಸಿದ್ದು ನಾನೇ," ಎಂದು ಗುರುವ ಫೋನಿಟ್ಟ.

"ಸುಳ್ಳು ಯಾಕೆ ಹೇಳಿದ್ರಿ?" ಅವಳು ಅವನೆದುರು ಬಂದು ನಿಂತಳು.

"ಗಾಡಿ ಹೋದ್ರೆ ಇನ್ನೊಂದು ತರ್ಬಹುದು. ನಿಮ್ಮನ್ನು ಊರಿಗೆ ಕಳಿಸಿದ್ರೆ..."

"ಕಳಿಸಿದ್ರೆ?"

"ಫೋಟೋ ನೋಡ್ಲಿಕ್ಕೆ ಯಾರುಂಟು?" ಎಂದು ಅವನು ಹಡಗಿನ ಕಡೆ ತಿರುಗಿ ನಿಂತ.

ಇದಕ್ಕೆ ಥ್ಯಾಂಕ್ಸ್ ಸಾಲದು ಎನಿಸಿತು ಅವಳಿಗೆ. ಅದು ಚಿಲ್ಲರೆ ವಾಪಸು ಕೊಟ್ಟವರಿಗೆ ಹೇಳುವ ಮಾತು. ಮರುದಿನ ಬೆಳಿಗ್ಗೆ ಅವಳೇ ಹೋಗಿ ಪೀಟರ್‌ಗೆ ನಿಜ ಹೇಳಿದಳು.

"ಗೊತ್ತುಂಟು," ಎಂದ ಪೀಟರ್. "ಆ ಗುರುವನಿಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ಹತ್ತು ದಿನ ಕೊಡ್ತೇನೆ. ಆ ಗಾಡಿ ಮಾರಿ ಕೊಡು, ಆಮೇಲೆ ನಿನ್ನ ಕೆಲಸದ ಮಾತು."

ಅವಳು ಆಫೀಸಿನ ಹಳೇ ಬಿಲ್ಲುಗಳನ್ನೆಲ್ಲ ಕೆದಕಿದಳು. ಸಿಕ್ಕಿದ ನಂಬರಿಗೆಲ್ಲ ಫೋನ್ ಮಾಡಿದಳು. ಎಂಟನೇ ದಿನ ಅಲ್ ಮವಾಲೇಹ್‌ನ ತೆಂಗಿನಕಾಯಿ ವ್ಯಾಪಾರಿ ಮಮ್ಮದ್ ಬ್ಯಾರಿ ಸಿಕ್ಕಿದರು. ಅವರ ಅಣ್ಣನ ಮಗನ ಅಂಗಡಿ ಆಫ್ರಿಕಾದ ದಾರ್-ಎಸ್-ಸಲಾಮಿನಲ್ಲಿ.

"ತಂಗೀ, ಅಲ್ಲಿ ಸ್ಟಿಯರಿಂಗ್ ನಮ್ಮ ಊರಿನ ಹಾಗೇ," ಎಂದರು ಬ್ಯಾರಿಗಳು. "ಸುಂಕ ಕಟ್ಟದೆ ಬಂದರಿನಿಂದ್ಲೇ ಹಡಗು ಹತ್ತಿಸಿ, ಹಡಗಿನ ಬಾಡಿಗೆ ನಮ್ದು. ಐದು ಸಾವಿರದ ಇನ್ನೂರು. ಯಲ್ಲಾ, ಬೇಗ ಹೇಳಿ, ಆಯ್ತಾ?"

ಗಾಡಿಯನ್ನು ಹಡಗಿನ ಬಳಿಗೆ ಒಯ್ಯುವ ದಿನ ಗುರುವ ಬಲಗಡೆ ಹತ್ತಿ ಕುಳಿತ. ದಮಯಂತಿ ಯೋಚಿಸದೆ ಎಡಬಾಗಿಲು ತೆಗೆದಳು. ಅವನ ಹುಬ್ಬು ಏರಿತು.

"ನಾಲ್ಕು ತಿಂಗಳಲ್ಲಿ ಇವತ್ತು ಸರಿಯಾದ ಬಾಗಿಲು!"

"ಗಾಡಿಯೇ ತಪ್ಪು, ಗುರುವ."

ಅವಳು ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಎಂಜಿನ್ ಚಾಲೂ ಮಾಡಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಗಾಜನ್ನೇ ನೋಡಿದ.

"ದಮಯಂತಿ, ನನ್ನ ಪಿಕಪ್‌ನ ತಪ್ಪು ಬಾಗಿಲನ್ನು ನೀವು ದಿನಾ ತೆಗೀಬೇಕು ಅಂತ ನನಗೊಂದು ಆಸೆ."

"ದಿನಾ ಇಬ್ರಿಯಿಂದ ಬರ್ತೀರಾ?"

"ಬರುದೆಂತಕ್ಕೆ? ನಾನೇ ನಿಮ್ಮ ಆಫೀಸಿನ ಕಡೆ ಮನೆ ಮಾಡ್ತೇನೆ. ಇಬ್ಬರೂ ಒಂದೇ ಮನೆಯಿಂದ ಹೊರಟ್ರೆ ಆಯ್ತಲ್ಲ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಜಿನಲ್ಲಿ ಅವಳ ನಗು ಅವನಿಗೆ ಕಾಣುತ್ತಿತ್ತು. ಕಾಣಲಿ ಎಂದೇ ಹಾಗೆ ತಿರುಗಿದ್ದಳು.

"ಮೊದಲು ಗಾಡಿ ಬಿಡಿ," ಎಂದಳು. "ಹಡಗು ಕಾಯುದಿಲ್ಲ. ನಾನು ಬೇಕಾದ್ರೆ ಕಾಯ್ತೇನೆ."

ಯಾರ್ಡಿನ ಬಾಡಿಗೆ ನಲವತ್ತು ಸೇರಿ ಆ ಗಾಡಿಯಲ್ಲಿ ಗುರುವನಿಗೆ ನಷ್ಟವಾದದ್ದು ಮುನ್ನೂರ ಇಪ್ಪತ್ತು ರಿಯಾಲ್. ದಮಯಂತಿಯ ಕೆಲಸ ಉಳಿಯಿತು. ಈಗ ಅಲ್ ಮವಾಲೇಹ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಉಂಟು, ಅದರ ಹೊಸ್ತಿಲ ಹೊರಗೆ ಎರಡು ಜೊತೆ ಚಪ್ಪಲಿ.