ಎರಡನೇ ಗುಟುಕು

ಹಿಲ್ಲಾಳ ಮಾತಿಗೆ ನಗದವರು ಕುವೊಪಿಯೊ ಊರಿನ ಬಂದರಿನಲ್ಲೇ ಇರಲಿಲ್ಲ. ಸರೋವರದ ಸಣ್ಣ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುತ್ತ ಅವಳು ಒಂದು ಮಾತು ಬಿಟ್ಟರೆ ಸಾಕು, ಸಾಲಿನಲ್ಲಿ ನಿಂತ ಮುದುಕರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನಗದವನು ಒಬ್ಬನೇ, ಅವಳು ಮನಸ್ಸು ಕೊಟ್ಟ ತಾರ್ಮೊ.

ಹಳೆಯ ಮರದ ದೋಣಿಗಳಿಗೆ ಟಾರು ಬಳಿಯುವ ಕೆಲಸ ಅವನದು. ಅವಳು ಜೋಕು ಶುರು ಮಾಡಿದೊಡನೆ ಅಂಗಡಿಯ ಕಂಬ ಹಿಡಿದು, ತುಟಿ ಕಚ್ಚಿ, ನೀರಿನ ಕಡೆ ಮುಖ ತಿರುಗಿಸುತ್ತಿದ್ದ.

"ಅಲ್ಲ ಕಣೋ, ನಿನ್ನ ಮನೇಲಿ ನಗೋಕೆ ತೆರಿಗೆ ಕಟ್ಟಬೇಕಾ?"

"ಚೆನ್ನಾಗಿತ್ತು," ಅನ್ನುತ್ತಿದ್ದ. "ತುಂಬಾ ಚೆನ್ನಾಗಿತ್ತು."

ಹಾಗನ್ನುವಾಗಲೂ ಅವನ ಕಣ್ಣು ಅವಳ ಕೆನ್ನೆಗೆ ಮೆತ್ತಿದ ಹಿಟ್ಟಿನ ಮೇಲೇ ಇರುತ್ತಿತ್ತು. ಆ ಕಣ್ಣನ್ನು ನಂಬಿಯೇ ಹಿಲ್ಲಾ ಕೆಟ್ಟಳು. ಏಕೆಂದರೆ ಸಂಜೆ ಬೇಗ ಊಟ ಮುಗಿಸಿ, ಅವಳ ಬೆರಳನ್ನು ಒಂದು ಗಳಿಗೆ ಹಿಡಿದು, ಅವನು ತಪ್ಪದೆ ಮನೆಗೆ ಹೊರಟುಬಿಡುತ್ತಿದ್ದ. ಒಂದು ರಾತ್ರಿಯೂ ಉಳಿದವನಲ್ಲ.

ಒಂದು ದಿನ ಬೇಕರಿಯ ಕಿಟಕಿಯಲ್ಲಿ ಅವಳು ನೋಡಬಾರದ್ದನ್ನು ನೋಡಿದಳು. ತಾರ್ಮೊ ಕುರ್ಚಿಯಲ್ಲಿ ಕೂತು, ಮೇಜಿಗೆ ತಲೆ ಆನಿಸಿ, ಮೈ ಕುಲುಕುವಂತೆ ನಗುತ್ತಿದ್ದ. ಎದುರಿಗೆ ರೊಟ್ಟಿ ಸುಡುವ ಕೈಸು. ಅವನ ಪಕ್ಕದ ಮನೆಯವಳು, ಉದ್ದ ಜಡೆಯವಳು, ನೋಡಲು ಲಕ್ಷಣವಾಗಿದ್ದಳು ಬೇರೆ. ಹಿಲ್ಲಾ ದುರದುರನೆ ಅಂಗಡಿಗೆ ವಾಪಸಾದಳು. ನನ್ನ ಮುಂದೆ ಕಲ್ಲುಗುಂಡು, ಇವಳ ಮುಂದೆ ಈ ನಗು!

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಕೈಸುವೇ ಮೀನು ಕೊಳ್ಳಲು ಬಂದಳು. "ನಿನ್ನೆ ರಾತ್ರಿ ನಿನ್ನ ತಾರ್ಮೊ ಫೋನೇ ಎತ್ತಲಿಲ್ಲ ಮಾರಾಯ್ತಿ. ಎಷ್ಟು ಸಲ ಮಾಡಿದೆ! ಇವತ್ತು ಹೇಗಿದ್ದಾನೆ?"

"ರಾತ್ರಿ ನೀನ್ಯಾಕೆ ಅವನಿಗೆ ಫೋನ್ ಮಾಡ್ತೀಯ?"

ಕೈಸು ತಬ್ಬಿಬ್ಬಾದಳು. "ಅವನು ನಿಂಗೆ ಹೇಳಿಲ್ವಾ? ಹಾಗಾದ್ರೆ ಅವನನ್ನೇ ಕೇಳು. ಅದು ನಾನು ಹೇಳೋ ಮಾತಲ್ಲ."

ಹಿಲ್ಲಾ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ! ಅದರ ಬದಲು ಯುಹಾನ್ನುಸ್ ಹಬ್ಬಕ್ಕೆ ಅಕ್ಕನ ಸರೋವರದ ಮನೆಗೆ ಅವನನ್ನು ಕರೆದಳು. ಬೇಸಿಗೆಯ ನಡುವಿನ ಹಬ್ಬ. ರಾತ್ರಿಯೂ ಕತ್ತಲಾಗುವುದಿಲ್ಲ, ಊರಿಗೆ ಊರೇ ಕುಡಿಯುತ್ತದೆ. ಅಕ್ಕ ಭಾವ ದಡದ ಆಚೆ ತುದಿಯಲ್ಲಿ ಹಬ್ಬದ ಬೆಂಕಿಗೆ ಸೌದೆ ಒಟ್ಟುತ್ತಿದ್ದರು. ಸೌನಾದ ಹಬೆಸ್ನಾನ ಮುಗಿಸಿ, ಒದ್ದೆ ಕೂದಲಲ್ಲಿ ಇವರಿಬ್ಬರೂ ನೀರಿನ ಮೇಲೆ ಚಾಚಿದ ಹಲಗೆಯ ಕಟ್ಟೆಯ ಮೇಲಿದ್ದರು.

"ಒಂದು ಗ್ಲಾಸ್ ತಗೋ."

"ನಾನು ಕುಡಿಯಲ್ಲ, ಹಿಲ್ಲಾ. ಗೊತ್ತಲ್ಲ."

"ಸರಿಯಪ್ಪ, ಹಣ್ಣಿನ ರಸಾನೇ ಕುಡಿ."

ಆ ಕಪ್ಪು ಹಣ್ಣಿನ ರಸಕ್ಕೆ ಒಳಗಿನಿಂದಲೇ ಅವಳು ಒಂದಿಷ್ಟು ವೋಡ್ಕಾ ಬೆರೆಸಿ ತಂದಿದ್ದಳು. ಸ್ವಲ್ಪ ಮತ್ತೇರಿದರೆ ಇವತ್ತಾದರೂ ಉಳಿದುಕೊಂಡಾನು, ಕೈಸುವಿನ ಫೋನು ಸುಮ್ಮನೆ ಬಡಿದುಕೊಳ್ಳಲಿ ಎಂಬ ಲೆಕ್ಕ. ಅವನು ಅರ್ಧ ಕುಡಿದು, ಗ್ಲಾಸು ಇಟ್ಟು, ಎದ್ದು ನಿಂತ. "ಕೊನೇ ಬಸ್ಸು ತಪ್ಪುತ್ತೆ. ಹೊರಡ್ತೀನಿ."

"ಹೋಗು, ಹೋಗು! ಕೈಸು ಹಾಸಿಗೆ ಹಾಸ್ಕೊಂಡು ಕಾಯ್ತಿರ್ತಾಳೆ!"

"ಕೈಸುನಾ? ಆ ಪೊರಕೆ ಹಿಡಿದು ನನ್ನನ್ನ ಎಬ್ಬಿಸೋಳಾ?" ತಾರ್ಮೊ ನಕ್ಕ. ಅವಳೆದುರು ಮೊದಲ ಸಲ ಬಾಯಿ ತುಂಬ ನಕ್ಕ. ಮರುಕ್ಷಣ ಅವನ ಗದ್ದ ಜೋತುಬಿತ್ತು, ಮೊಣಕಾಲು ಕುಸಿಯಿತು, ಇಡೀ ದೇಹ ಹಲಗೆಯ ಮೇಲೆ ಜಾರಿತು. ಹಿಲ್ಲಾ ಚೀರಿ ಅವನ ಅಂಗಿ ಹಿಡಿದೆಳೆದಳು. ನೀರು ಒಂದು ಗೇಣು ದೂರವಿತ್ತು.

ಕಣ್ಣು ತೆರೆದೇ ಇತ್ತು. ಸ್ವಲ್ಪ ಹೊತ್ತಿಗೆ ನಾಲಿಗೆ ತಿರುಗಿತು.

"ಗಾಬರಿ ಆಗ್ಬೇಡ. ನಕ್ಕರೆ ಹೀಗಾಗುತ್ತೆ. ನಿದ್ದೆ ಕಾಯಿಲೆ, ನಾರ್ಕೊಲೆಪ್ಸಿ ಅಂತಾರೆ. ಹಗಲೆಲ್ಲ ತೂಕಡಿಕೆ, ನಗು ಬಂದ್ರೆ ಕೈಕಾಲು ಬಿದ್ದೋಗುತ್ತೆ. ಅದಕ್ಕೇ ನಿನ್ನ ಜೋಕಿಗೆ ಕಂಬ ಹಿಡ್ಕೊಂಡು ನಿಲ್ಲೋದು."

"ಮತ್ತೆ ಕೈಸು?"

"ರಾತ್ರಿ ಮಲಗಿಸೋ ಔಷಧಿ ಇದೆ. ಡಾಕ್ಟರು ಅಳತೆ ಹಾಕಿ ಕೊಟ್ಟಿರೋದು. ಉಪ್ಪುಪ್ಪು ನೀರು, ನಿನ್ನ ಮೀನಿನ ಡಬ್ಬಿ ತೊಳೆದ ಹಾಗೆ. ಊಟ ಆಗಿ ಎರಡು ಗಂಟೆ ಕಳೀಬೇಕು, ಹಾಸಿಗೆ ಮೇಲೆ ಕೂತೇ ಕುಡೀಬೇಕು, ಕುಡಿದ ತಕ್ಷಣ ಮಲಗಿಬಿಡ್ಬೇಕು. ನಡುರಾತ್ರಿ ಎದ್ದು ಎರಡನೇ ಗುಟುಕು. ಬರೀ ಅಲಾರಾಂಗೆ ನಾನು ಏಳಲ್ಲ. ಅವಳು ಬೇಕರಿಗೆ ಹೊರಡೋದು ಅದೇ ಹೊತ್ತಿಗೆ. ಫೋನ್ ಮಾಡ್ತಾಳೆ, ಎತ್ತದಿದ್ರೆ ಪೊರಕೆಯಿಂದ ಗೋಡೆ ಗುದ್ದುತ್ತಾಳೆ. ಆದ್ರೂ ಏಳದಿದ್ರೆ ಆ ಗುಟುಕು ಹೋಯ್ತು ಅಂತಲೇ. ಆಮೇಲೆ ಸೇರಿಸಿ ಕುಡಿಯೋ ಹಾಗಿಲ್ಲ."

"ನಂಗೆ ಯಾಕೋ ಹೇಳ್ಲಿಲ್ಲ?"

"ಹಿಂದೆ ಒಬ್ಬಳಿಗೆ ಹೇಳಿದ್ದೆ. ಅವತ್ತಿಂದ ರೋಗೀನ ನೋಡೋ ಹಾಗೆ ನೋಡಿದ್ಲು. ನಿನ್ನ ಮುಂದೆ ಗಂಡಸಾಗಿ ನಿಲ್ಲೋಣ ಅಂದ್ಕೊಂಡೆ. ನಿಲ್ಲೋಕೇ ಆಗ್ಲಿಲ್ಲ, ನೋಡು." ಅವನು ಮೆಲ್ಲಗೆ ಎದ್ದು ಕೂತ. "ಹಬ್ಬದ ದಿನವೂ ನಾನು ಕುಡಿಯದೇ ಇರೋದು ಅದಕ್ಕೇ. ಹೆಂಡದ ಮೇಲೆ ಆ ಔಷಧಿ ಬಿದ್ರೆ ಉಸಿರೇ ನಿಲ್ಲಬಹುದು. ಬಸ್ಸು ತಪ್ಪುತ್ತೆ, ಏಳ್ತೀನಿ."

ಹಿಲ್ಲಾ ಅವನ ತೋಳು ಹಿಡಿದು ಕೂರಿಸಿದಳು. ಹೇಳಿದರೆ ಇವನು ಇವತ್ತೇ ಕೈಬಿಡುತ್ತಾನೆ. ಹೇಳದಿದ್ದರೆ ಮನೆಗೆ ಹೋಗಿ ಹಾಸಿಗೆ ಮೇಲೆ ಕೂತು ಔಷಧಿ ಕುಡಿಯುತ್ತಾನೆ. ಬಿಟ್ಟರೆ ಕೈಸುವಿಗೇ ಬಿಟ್ಟೇನು, ಸಾವಿಗೆ ಬಿಡಲಾರೆ.

"ರಸಕ್ಕೆ ವೋಡ್ಕಾ ಹಾಕಿದ್ದೆ," ಎಂದಳು. "ನಾನೇ ಹಾಕಿದ್ದು. ನೀನು ಹೋಗಬಾರ್ದು ಅಂತ."

ತಾರ್ಮೊ ಗ್ಲಾಸಿನ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ.

"ಇದು ಹುಡುಗಾಟ ಅಲ್ಲ, ಹಿಲ್ಲಾ."

"ಗೊತ್ತು. ಬೈಯಿ. ಹೊಡಿ ಬೇಕಾದ್ರೆ. ಔಷಧಿ ಮಾತ್ರ ಮುಟ್ಟಬೇಡ, ನಿನ್ನ ದಮ್ಮಯ್ಯ."

"ಮುಟ್ಟಲ್ಲ. ಕುಡಿದ ರಾತ್ರಿ ಒಂದು ಗುಟುಕೂ ಇಲ್ಲ, ಡಾಕ್ಟರು ಹೇಳಿರೋದೇ ಹಾಗೆ." ಅವನು ಫೋನು ಅವಳ ಕೈಗಿಟ್ಟ. "ಇವತ್ತು ಎಬ್ಬಿಸೋದು ಬೇಡ ಅಂತ ಕೈಸುಗೆ ನೀನೇ ಹೇಳು. ಯಾಕೆ ಅಂತಾನೂ ಹೇಳು."

ಶಿಕ್ಷೆ ಅಂದರೆ ಅದು. ಹಿಲ್ಲಾ ತನ್ನ ಸವತಿಯೆಂದುಕೊಂಡವಳಿಗೆ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡಳು. ಕೈಸು ಬಾಯಿಗೆ ಬಂದಂತೆ ಉಗಿದಳು, ಉಗಿದಾದ ಮೇಲೆ ಉಸಿರು ಬಿಟ್ಟಳು. "ಹಾಗಾದ್ರೆ ಇನ್ಮೇಲೆ ಅವನನ್ನ ಎಬ್ಬಿಸೋದು ನೀನೋ, ನಾನೋ?"

ಫೋನಿನ ಮಾತು ತಾರ್ಮೊಗೂ ಕೇಳಿಸಿತ್ತು; ಹಿಲ್ಲಾ ಅವನ ಮುಖ ನೋಡಿದಳು. ಅದನ್ನು ತೀರ್ಮಾನಿಸಬೇಕಾದವನು ಅವನೇ. ಕೆನ್ನೆಗೆ ಮೆತ್ತಿದ ಹಿಟ್ಟನ್ನು ನೋಡುವ ಕಣ್ಣು ಕೊನೆಗೂ ಅವಳ ಕಡೆ ತಿರುಗಿತು.

"ಒಂದು ವಾರ ಅವಳೇ ಎಬ್ಬಿಸಲಿ ಅನ್ನು. ಅಷ್ಟರಲ್ಲಿ ನಿಂಗೆ ಕಲಿಸ್ತೀನಿ."

"ಒಂದೇ ವಾರ, ಕೈಸು!" ಹಿಲ್ಲಾ ಫೋನಿಗೆ ಕೂಗಿದಳು, ಕಣ್ಣೀರು ಸುರಿಸುತ್ತಲೇ. "ಒಂದು ದಿನ ಹೆಚ್ಚಾದ್ರೂ ನಿನ್ನ ಜಡೆ ಕಿತ್ತು ಕೈಗೆ ಕೊಡ್ತೀನಿ!"

ತಾರ್ಮೊನ ತುಟಿ ನಡುಗಿತು. ಈ ಸಲ ನಗು ತಡೆಯಲಿಲ್ಲ. ಅವನ ತಲೆ ಜೋತುಬೀಳುವ ಮೊದಲೇ ಹಿಲ್ಲಾ ಅದನ್ನು ಹೆಗಲ ಮೇಲೆ ಹಿಡಿದುಕೊಂಡಳು, ಇನ್ನೊಂದು ಕೈಯಿಂದ ಗ್ಲಾಸಿನಲ್ಲಿ ಉಳಿದದ್ದನ್ನು ಸರೋವರಕ್ಕೆ ಚೆಲ್ಲಿದಳು.