ಭಟ್ಟಿಯೊಳಗಿನ ವರ

"ಏಯ್! ಭಟ್ಟ್ಯಾಗ ತಲಿ ಹಾಕಿ ಏನ್ ಹುಡುಕಾಕತ್ತಿ? ನಿಮ್ಮಜ್ಜ ಹುಗಿದಿಟ್ಟ ಬಂಗಾರ ಅದ ಏನು?"

ನೀರಿನ ಕೊಡವನ್ನು ಸೊಂಟದಿಂದ ಇಳಿಸದೆಯೇ ಅಮೃತಮ್ಮ ಗದರಿದಳು.

ಒಳಗಿದ್ದ ತಲೆ ಬೆಚ್ಚಿ ಭಟ್ಟಿಯ ಬಾಯಿಗೆ ಬಡಿಯಿತು. ಮಸಿ ಮೆತ್ತಿದ ಮುಖವೊಂದು ಹೊರಬಂತು. ಬೆಳ್ಳಗಿದ್ದದ್ದು ಕಣ್ಣು, ಹಲ್ಲು ಮಾತ್ರ!

"ಕುಂಬಾರ ಅದೀನ್ರಿ... ಭಟ್ಟಿ ಬಾಯಿ ಸೀಳೇದ ಅಂತ ಕೇಳಿದ್ದೆ. ಮೆತ್ತಾಕ ಬಂದೀನಿ."

"ಇವತ್ತ ಬರಬೇಕಿತ್ತೇನು? ನನ್ನ ನೋಡಾಕ ಸುರಪುರದಿಂದ ಮಂದಿ ಬರೋರದಾರ. ಲಗೂನ ಮೆತ್ತಿ ನಡಿ!"

"ವರ ಹ್ಯಾಂಗದಾನಂತ್ರಿ?"

"ಅವರತ್ತಿ ಹೇಳಿದ್ದಕ್ಕೆಲ್ಲಾ ಗೋಣ ಹಾಕೋ ಕೋಲೆಬಸವ ಅಂತ!"

ಕುಂಬಾರನಿಗೆ ಯಾಕೋ ಜೋರಾಗಿ ಕೆಮ್ಮು ಬಂತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಅಮೃತಮ್ಮನದೂ ಕುಂಬಾರರ ಮನೆಯೇ. ಅಪ್ಪ ತೀರಿಕೊಂಡ ಮೇಲೆ ತಿಗರಿ ನಿಂತಿತ್ತು. ಯಾದಗಿರಿ ಸ್ಟೇಷನ್ನಿನ ಹಿಂದೆ ಅವನು ಕಟ್ಟಿದ್ದ, ಕುಲ್ಚಾ ರೊಟ್ಟಿ ಸುಡುವ ಭಟ್ಟಿಯೊಂದೇ ತಾಯಿ ಮಗಳ ಹೊಟ್ಟೆ ಹೊರೆಯುತ್ತಿತ್ತು. ಅಮೃತಮ್ಮ ಹಿಂದಿನ ಸಂಜೆಯೇ ಹುಳಿ ಮೊಸರು ಹಾಕಿ ಹಿಟ್ಟು ನಾದಿ, ಉಂಡೆ ಕಟ್ಟಿ, ಒದ್ದೆ ಬಟ್ಟೆ ಹೊದಿಸುವಳು. ಗಾಡಿ ಕೂಗಿದ್ದೇ ತಡ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಹಸಿ ಖಾರ ತುಂಬಿ ಭಟ್ಟಿಯ ಗೋಡೆಗೆ ಬಡಿದರೆ, ಎಂಜಿನ್ನು ನೀರು ಕುಡಿದು ಮುಗಿಸುವುದರೊಳಗೆ ಖಾರದ ಕುಲ್ಚಾ ತಯಾರು!

ರಾತ್ರಿ ಕಳೆಯುವ ಉಂಡೆ ನುಣ್ಣಗಿರಬಾರದು, ಸತ್ತವರಿಗಿಡುವ ಪಿಂಡದಂತೆ ಕಾಣುತ್ತದೆ ಎಂಬುದು ಹಿರಿಯರ ಮಾತು. ಅದಕ್ಕೇ ಪ್ರತಿ ಉಂಡೆಗೂ ಬೆರಳೊತ್ತಿ ಗುರುತು ಮಾಡುವುದು ವಾಡಿಕೆ.

ಕುಂಬಾರ ಮೆತ್ತಿ ಮುಗಿಸಿದ ಮೇಲೆ ಅಮೃತಮ್ಮ ಭಟ್ಟಿಗೆ ಬೆಂಕಿ ಹಾಕಿ, ಸೀರೆ ಬದಲಿಸಲು ಒಳಗೆ ಹೋದಳು.

ಅವನು ಕೈ ತೊಳೆದುಕೊಂಡು, ಪಕ್ಕದಲ್ಲಿದ್ದ ಉಂಡೆಗಳ ಮೇಲಿನ ಒದ್ದೆ ಬಟ್ಟೆ ಎತ್ತಿ ನೋಡಿದ. ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ ಅವನು. ಆದರೆ ಹಸಿ ಉಂಡೆಯ ಮೇಲೆ ತಗ್ಗು ಕಂಡರೆ ತಿಗರಿ ತಿರುಗಿಸಿದ ಕೈ ಸುಮ್ಮನಿರುವುದುಂಟೇ? 'ಪಾಪ, ಗಡಿಬಿಡ್ಯಾಗ ಕೆಡಿಸ್ಯಾಳ' ಎಂದುಕೊಂಡು, ಪ್ರೀತಿಯಿಂದ, ಒಂದೊಂದನ್ನೂ ಸವರಿ ನುಣ್ಣಗೆ ಮಾಡಿಟ್ಟ.

ಅಷ್ಟರಲ್ಲಿ ಬಂಡಿಯ ಸದ್ದು! ಅವನು ಭಟ್ಟಿಯ ಹಿಂದೆ ಅವಿತುಕೊಂಡ.

ಬಂಡಿಯಿಂದಿಳಿದ ವರನ ಸೋದರತ್ತೆ ಸಾಯಬಮ್ಮ ಮೊದಲು ಎತ್ತಿದ್ದೇ ಆ ಬಟ್ಟೆ.

"ಅಯ್ಯಯ್ಯೋ, ಪಿಂಡ! ಸಾಲಾಗಿ ಪಿಂಡ ಇಟ್ಟಾರಲ್ಲೋ! ಹೆಣ್ಣ ನೋಡಾಕ ಕರದೀರೋ, ತಿಥಿ ಊಟಕ್ಕ ಕರದೀರೋ?"

ಅಮೃತಮ್ಮನ ತಾಯಿ ಮಲ್ಲಿಕಮ್ಮ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು.

"ನಾ... ನಾನ ಒಂದೊಂದಕೂ ಬಟ್ಟು ಒತ್ತೀನ್ರಿ!" ಎನ್ನುತ್ತ ಅಮೃತಮ್ಮ ಒಳಗಿಂದ ಓಡಿಬಂದಳು.

"ಒತ್ತಿದ್ರ ಎಲ್ಲಿ ಹೋದ್ವು? ಇಲಿ ನೆಕ್ಕಿತೇನು? ಬಂಡಿ ಹೊಳ್ಳಸ್ರಿ!"

ಈ ಮಾತು ಸುರಪುರದ ಹಾದಿಯಲ್ಲಿನ ಶಹಾಪುರ ದಾಟಿದರೆ ಮುಗಿಯಿತು. ಪಿಂಡ ಇಟ್ಟವಳ ಮನೆಗೆ ಇನ್ಯಾವ ವರ ಬಂದಾನು? ಅಮೃತಮ್ಮನ ಕಣ್ಣು ತುಂಬಿ ಬಂದವು...

ಭಟ್ಟಿಯ ಹಿಂದಿನಿಂದ ಕರಿಯ ಆಕೃತಿಯೊಂದು ಎದ್ದಿತು.

"ದೆವ್ವ!" ಸಾಯಬಮ್ಮ ಚೀರಿದಳು.

"ದೆವ್ವ ಅಲ್ಲ ಅತ್ತಿ... ನಾ, ದೇವಿಂದ್ರ. ಬಟ್ಟಿನ ಗುರುತು ಅಳಿಸಿದಾಂವ ನಾನ. ಆಕೀದೇನೂ ತಪ್ಪಿಲ್ಲ."

"ಹಿರೇರಕಿಂತ ಮದಲ ಕಳ್ಳನಂಗ ಹೆಣ್ಣ ನೋಡಾಕ ಬಂದ್ಯೇನೋ ನಾಚಿಕಿಗೇಡಿ!" ಸಾಯಬಮ್ಮ ಹಣೆ ಬಡಿದುಕೊಂಡು ಕಟ್ಟೆಯ ಮೇಲೆ ಕುಸಿದಳು. "ತಪ್ಪು ನಮ್ಮ ಹುಡುಗಂದ ಇದ್ದಮ್ಯಾಗ ಇನ್ನೇನ್ ಮಾತಾಡ್ಲಿ? ನಮಗ ಹೆಣ್ಣು ಒಪ್ಪಿಗಿ ಅದ."

"ನನಗ ಇಲ್ಲ!" ಎಂದಳು ಅಮೃತಮ್ಮ. 'ಸುಳ್ಳುಗಾರ! ಭಟ್ಟಿ ಮೆತ್ತಾಕ ಬಂದೀನಿ ಅಂತ ನಂಬಿಸಿ...'

ಆಗ ಗಾಡಿ ಕೂಗಿತು!

"ನಿಂತೇನ್ ನೋಡ್ತಿ? ಬಡಿ ಕುಲ್ಚಾ!" ಅವಳು ದೇವಿಂದ್ರನನ್ನು ಗದರಿದಳು.

ಅವಳು ತುಂಬಿಕೊಟ್ಟಳು, ಅವನು ಬಡಿದ. ಮೊಳಕೈ ಚುರ್ರೆಂದು ಸುಟ್ಟರೂ ನಿಲ್ಲಿಸಲಿಲ್ಲ. ಪ್ರಯಾಣಿಕರು ಮುಗಿಬಿದ್ದು ಒಯ್ದರು. ಗಾಡಿ ಹೋಯಿತು.

ಅಮೃತಮ್ಮ ಅವನ ಸುಟ್ಟ ಕೈಗೆ ಬೆಣ್ಣೆ ಸವರಿದಳು.

"ಯಾಕ ಕದ್ದು ಬಂದಿ?"

"ಹಿರೇರ ಮುಂದ ನೀ ನೆಲ ನೋಡ್ಕೋತ ಕುಂಡ್ರತಿದ್ದಿ... ನಿನ್ನ ದನಿ ಕೇಳಬೇಕಿತ್ತು."

"ಬರೇ ಬೈಗಳ ಕೇಳಿದಿ."

"ಚೊಲೊ ಇದ್ವು."

ನಗು ಬಂದರೂ ಅವಳು ತುಟಿ ಕಚ್ಚಿ ತಡೆದಳು. "ಅಲ್ಲೇ ಅಡಗಿ ಕುಂತಿದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಯಾಕ ಎದ್ದಿ?"

"ನೀ ಅಳಾಕತ್ತಿದ್ದಿ... ಕುಂಡ್ರಾಕ ಆಗಲಿಲ್ಲ."

ಆ ಮಾತಿಗೆ ಅವಳ ಸಿಟ್ಟು ಎಲ್ಲಿ ಕರಗಿತೋ!

ಅತ್ತ ಕಟ್ಟೆಯ ಮೇಲೆ ಸಾಯಬಮ್ಮ ಬೈಯುತ್ತಲೇ ಎರಡನೆಯ ಕುಲ್ಚಾ ಮುರಿಯುತ್ತಿದ್ದಳು.

"ಒಲ್ಲೆ ಅಂದಿ... ಹಂಗಾರ ನಾ ಬಂಡಿ ಹತ್ತಲೇನು?" ದೇವಿಂದ್ರ ಮೆಲ್ಲಗೆ ಕೇಳಿದ.

"ಹತ್ತು."

ಅವನ ಮುಖ ಬಾಡಿತು.

"ಅತ್ತೀನ ಊರಿಗೆ ಬಿಟ್ಟು, ಲಗ್ನದ ದಿನಾ ಗೊತ್ತುಮಾಡಿಕೊಂಡು ಹೊಳ್ಳಿ ಬಾ."

"ಅಮೃತಾ...! ತಡಾ ಆದ್ರ?"

"ಕಾಯ್ತೀನಿ..." ಅವಳು ಅವನ ಕೈ ಬಿಡದೆ ಅಂದಳು. "ಆದ್ರ ತಡಾ ಮಾಡಬ್ಯಾಡ."